ಅವನ ಹೆಸರಿನ ಉಸಿರು

ಹಾಕಿದ ಹೊಲಿಗೆಯನ್ನು ಬಿಚ್ಚುವುದು ಹಾಕುವುದಕ್ಕಿಂತ ಕಷ್ಟ ಎಂದು ಬಟ್ಟೆ ಸರಿಮಾಡಿಸಲು ಬರುವವರಿಗೆಲ್ಲ ಅವಳು ಹೇಳುತ್ತಿದ್ದಳು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವಳ ಮಾತು. ಇವತ್ತು ಆ ಮಾತು ತಿರುಗಿ ಅವಳ ಬುಡಕ್ಕೇ ಬಂದಿತ್ತು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಬ್ಲೇಡಿನ ಅರ್ಧ ಚೂರು ಹಿಡಿದು, ಉಸಿರಿನ ಮಷೀನಿನ ಮಾಸ್ಕಿಗಿದ್ದ ಕಪ್ಪು ಪಟ್ಟಿಯಿಂದ ಒಂದೊಂದೇ ಎಳೆ ಕೀಳುತ್ತಿದ್ದಳು. ತಲೆಯ ಹಿಂದಕ್ಕೆ ಸುತ್ತಿ ಬರುವ ಆ ಪಟ್ಟಿಯನ್ನು ಎರಡೂ ಕಡೆ ಎರಡೆರಡು ಬೆರಳಿನಷ್ಟು ಮಡಚಿ ಹೊಲಿದವಳು ಅವಳೇ. ಸಡಿಲವಾಗಬಾರದೆಂದು ಒಂದರ ಮೇಲೊಂದು ಎರಡು ಸಲ ಹೊಲಿದಿದ್ದಳು. ಹತ್ತು ಗಂಟೆಗೆ, ಗಂಡ ಮೀಸೆ ಎಂದೇ ಕರೆಯುತ್ತಿದ್ದ ಗೆಳೆಯ ಕಾರು ತರುತ್ತಾನೆ. ಅಷ್ಟರೊಳಗೆ ಪಟ್ಟಿ ಮೊದಲಿನ ಉದ್ದಕ್ಕೆ ಬರಬೇಕು, ಮಷೀನನ್ನು ಒರೆಸಿ ಚೀಲಕ್ಕೆ ಹಾಕಬೇಕು, ಆಸ್ಪತ್ರೆಗೆ ವಾಪಸ್ ಕೊಡಬೇಕು. ಗಂಡ ಹೋಗಿ ಹದಿನೆಂಟು ದಿನವಾಗಿತ್ತು. ಮಷೀನಿಗೆ ಕಾಯುವವರಿದ್ದಾರೆ ಎಂದು ಆಸ್ಪತ್ರೆಯಿಂದ ಎರಡು ಸಲ ಫೋನು ಬಂದಿತ್ತು. ಕೊನೆಯ ಎಳೆ ಬಂತು, ಪಟ್ಟಿ ಉದ್ದವಾಯಿತು. ಆದರೆ ಸೂಜಿ ಹೊಕ್ಕಲ್ಲೆಲ್ಲ ಸಾಲಾಗಿ ತೂತು ಉಳಿದಿತ್ತು. ಹೆಬ್ಬೆರಳಿನಿಂದ ಉಜ್ಜಿದಳು, ಒದ್ದೆ ಮಾಡಿ ಉಜ್ಜಿದಳು, ಇಸ್ತ್ರಿಪೆಟ್ಟಿಗೆ ಬಿಸಿ ಮಾಡಲೇ ಎಂದು ಒಂದು ಗಳಿಗೆ ಯೋಚಿಸಿ, ರಬ್ಬರು ಕರಗೀತು ಎಂದು ಬಿಟ್ಟಳು.

ಗಂಡನ ತಲೆ ದೊಡ್ಡದು. ಡಿಪೋದಲ್ಲಿ ಕೊಟ್ಟ ಟೋಪಿ ಯಾವತ್ತೂ ಕೂರುತ್ತಿರಲಿಲ್ಲ, ಪ್ರತಿಸಲ ಹಿಂದಿನ ಹೊಲಿಗೆ ಬಿಚ್ಚಿ ಅವಳೇ ತುಂಡು ಸೇರಿಸಿ ಕೊಡಬೇಕಿತ್ತು. ಒಳಗೇನಿದೆ ಅಂತ ಇಷ್ಟು ದೊಡ್ಡದು ಎಂದು ಅವಳು ಕೇಳಿದರೆ, ಊರಿನ ಅಷ್ಟೂ ಬಸ್‌ಸ್ಟಾಪು ಇದರಲ್ಲೇ ಇದೆ ಕಣೇ ಎನ್ನುತ್ತಿದ್ದ. ಇಪ್ಪತ್ತೇಳು ವರ್ಷ ಬಸ್ಸು ಓಡಿಸಿದವನು. ಐವತ್ತು ದಾಟಿದ ಡ್ರೈವರುಗಳಿಗೆಲ್ಲ ನಿದ್ದೆಯ ಪರೀಕ್ಷೆ ಆಗಬೇಕೆಂದು ಡಿಪೋದವರು ಆಜ್ಞೆ ಹೊರಡಿಸಿದಾಗ, ನಿದ್ದೆ ಮಾಡೋದಕ್ಕೂ ಪರೀಕ್ಷೆನಾ, ಇದರಲ್ಲಿ ನಾನೇ ಫಸ್ಟು ಎಂದು ನಗುತ್ತಾ ಹೋಗಿದ್ದ. ಮೈತುಂಬ ವೈರು ಅಂಟಿಸಿ ಮಲಗಿಸಿ ನೋಡಿದರೆ ಗಂಟೆಗೆ ನಲವತ್ತಾರು ಸಲ ಅವನ ಉಸಿರು ನಿಲ್ಲುತ್ತಿತ್ತು. ಗಂಟಲು ಮುಚ್ಚಿಕೊಳ್ಳುವುದು, ಎದೆ ಗುದ್ದಾಡುವುದು, ಮತ್ತೆ ತೆರೆದುಕೊಳ್ಳುವುದು. ಅವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮದುವೆಯಾದ ಲಾಗಾಯ್ತಿನಿಂದ ಅವಳು ಆ ಗೊರಕೆಯ ಪಕ್ಕದಲ್ಲೇ ಮಲಗಿದ್ದವಳು. ಗೊರಕೆಗೆ ಅವಳು ಹೆದರಿದ್ದಿಲ್ಲ, ಗೊರಕೆ ನಿಂತಾಗ ಎಚ್ಚರವಾಗುತ್ತಿತ್ತು. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿ, ಹತ್ತಾದರೂ ಸದ್ದಿಲ್ಲದಿದ್ದರೆ ಮೊಣಕೈಯಲ್ಲಿ ಒಂದು ತಿವಿಯುತ್ತಿದ್ದಳು. ಅವನು ಗೊರ್ ಎಂದು ಉಸಿರೆಳೆದು ಮಗ್ಗುಲಾಗುತ್ತಿದ್ದ. ಹೀಗೆ ಅವಳು ಸರಿಯಾಗಿ ನಿದ್ದೆ ಮಾಡಿದ ರಾತ್ರಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಆಗ ಅದನ್ನು ಅವಳು ಕಾವಲು ಎಂದುಕೊಂಡಿರಲಿಲ್ಲ, ಕರ್ಮ ಎಂದುಕೊಂಡಿದ್ದಳು.

ಮಷೀನು ಬಂತು. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಅದರಿಂದೊಂದು ಪೈಪು, ಪೈಪಿನ ತುದಿಗೆ ಮಾಸ್ಕು. ರಾತ್ರಿಯಿಡೀ ಗಾಳಿ ಊದಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಒಳಗೆ ಉಗುರಿನಷ್ಟಗಲದ ಕಾರ್ಡು. ಎಷ್ಟು ಗಂಟೆ ಹಾಕಿಕೊಂಡರು, ಎಷ್ಟು ಸಲ ಉಸಿರು ನಿಂತಿತು, ಎಲ್ಲ ಅದರಲ್ಲಿ ಬರೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಆ ಕಾರ್ಡನ್ನು ಆಸ್ಪತ್ರೆಗೆ ಒಯ್ದು ತೋರಿಸಬೇಕು, ಅಲ್ಲಿಂದ ಡಿಪೋಗೆ ಚೀಟಿ ಹೋಗಬೇಕು. ದಿನಕ್ಕೆ ನಾಲ್ಕು ಗಂಟೆಗಿಂತ ಕಡಿಮೆಯಾದರೆ ಸ್ಟೇರಿಂಗು ಮುಟ್ಟುವ ಹಾಗಿಲ್ಲ. ಅವನಿಗೆ ಅರ್ಧ ಗಂಟೆಯೂ ಆಗಲಿಲ್ಲ. ಯಾರೋ ಬಾಯಿಗೆ ದಿಂಬು ಒತ್ತಿದ ಹಾಗಾಗುತ್ತದೆ ಎಂದು ಕಿತ್ತೆಸೆಯುತ್ತಿದ್ದ, ಬೆವರುತ್ತಿದ್ದ, ನಾಚಿಕೊಂಡು ಮತ್ತೆ ಹಾಕಿಕೊಳ್ಳುತ್ತಿದ್ದ, ಮತ್ತೆ ಕೀಳುತ್ತಿದ್ದ. ಮೊದಲ ತಿಂಗಳು ಮುಗಿಯಲು ಎಂಟು ದಿನವಿದ್ದಾಗ, ಕೊನೆಯ ವಾರದ ಲೆಕ್ಕ ಸರಿಯಿಲ್ಲದಿದ್ದರೆ ಡ್ಯೂಟಿಯಿಲ್ಲ ಎಂದು ಡಿಪೋದಿಂದ ಎಚ್ಚರಿಕೆಯ ಕಾಗದ ಬಂತು. ಕಾಗದವನ್ನು ಊಟದ ಮೇಜಿನ ಮೇಲಿಟ್ಟು ಸುಮಾರು ಹೊತ್ತು ಕೂತಿದ್ದವನು ತಲೆಯೆತ್ತಿ, ಹೊಸ ಆಟ ಹೊಳೆದವನ ಮುಖ ಮಾಡಿ ಹೇಳಿದ್ದ: "ಒಂದು ವಾರ ನೀನು ಹಾಕ್ಕೊಂಡುಬಿಡೇ. ಅದಕ್ಕೇನು ಗೊತ್ತಾಗುತ್ತೆ ಯಾರ ಮೂಗು ಅಂತ? ಅಷ್ಟರಲ್ಲಿ ನಾನೂ ಅಭ್ಯಾಸ ಮಾಡ್ಕೋತೀನಿ."

ಅವಳು ನಕ್ಕಿದ್ದಳು. ಇಬ್ಬರೂ ನಕ್ಕಿದ್ದರು. ಮಾಸ್ಕು ಅವಳ ಮುಖದ ಮೇಲೆ ನಿಲ್ಲದೆ ಜಾರಿದಾಗ ಇನ್ನೂ ಜೋರಾಗಿ ನಕ್ಕಿದ್ದರು. ಪಟ್ಟಿಯನ್ನು ಬಿಗಿಮಾಡುವ ವೆಲ್ಕ್ರೋ ಅಂಟು ಕೂದಲಿಗೆ ಸಿಕ್ಕಿಕೊಳ್ಳುತ್ತದೆಂದು ಅವಳು ಎರಡೆರಡು ಬೆರಳಿನಷ್ಟು ಮಡಚಿ ಹೊಲಿದುಬಿಟ್ಟಳು. ಒಂದು ವಾರಕ್ಕೆಂದು ಹಾಕಿದ ಹೊಲಿಗೆ ಹದಿನಾಲ್ಕು ತಿಂಗಳು ಉಳಿಯಿತು.

ಬೆಲ್ಲು ಆಯಿತು. ಮೀಸೆ ಬಾಗಿಲಲ್ಲೇ ನಿಂತಿದ್ದ. ಗಂಡನ ಡಿಪೋದವನು, ಅವನಿಗಿಂತ ನಾಲ್ಕು ವರ್ಷ ಚಿಕ್ಕವನು. ದಪ್ಪ ಕುತ್ತಿಗೆಯ ಮೇಲೆ ಪುಟ್ಟ ಮುಖ, ಆ ಮುಖ ಹೊರಲಾರದಂಥ ಮೀಸೆ. ಒಳಗೆ ಬಂದರೆ ಗೆಳೆಯ ಕೂರುತ್ತಿದ್ದ ಕುರ್ಚಿ ಕಣ್ಣಿಗೆ ಬೀಳುತ್ತದೆಂದೋ ಏನೋ, ಹೊರಗಿನಿಂದಲೇ ಕೈ ಚಾಚಿದ. "ಕೊಡಿ ಅತ್ತಿಗೆ, ಚೀಲ ನಾನು ಹಿಡ್ಕೋತೀನಿ." ಅವಳು ಕೊಡಲಿಲ್ಲ. ಕಾರಿನಲ್ಲೂ ಮಡಿಲಲ್ಲೇ ಇಟ್ಟುಕೊಂಡಳು. ಅವನೂ ಆಸ್ಪತ್ರೆಗೇ ಹೊರಟಿದ್ದ. ಹೋದ ತಿಂಗಳು ಅವನಿಗೂ ಪರೀಕ್ಷೆಯಾಗಿತ್ತು, ಗಂಟೆಗೆ ಮೂವತ್ತೆಂಟು. ಇವತ್ತು ಮಷೀನು ತೆಗೆದುಕೊಳ್ಳಲು ಕರೆದಿದ್ದರು.

"ಆದ್ರೆ ನಾನು ತಗೊಳ್ಳಲ್ಲ," ಅಂದ, ರಸ್ತೆ ನೋಡುತ್ತಲೇ. "ಬೇಡ ಅಂತ ಬರೆದುಕೊಟ್ಟು ಬರೋಣ ಅಂತಲೇ ಹೊರಟಿದ್ದು. ಡ್ರೈವಿಂಗ್ ಹೋದ್ರೆ ಹೋಗ್ಲಿ. ಗೇಟಲ್ಲಿ ಕೂತು ಗಾಡಿ ನಂಬರ್ ಬರ್ಕೋತೀನಿ."

"ಯಾಕೆ?"

"ಯಾಕೆ ಅಂತ ನೀವು ಕೇಳ್ತೀರಲ್ಲ ಅತ್ತಿಗೆ. ಅವನು ಒಂದು ರಾತ್ರಿ ಬಿಟ್ನಾ? ಡಿಪೋದಲ್ಲಿ ಎಲ್ಲರಿಗೂ ಅವನ ಚೀಟಿನೇ ತೋರಿಸ್ತಿದ್ರು, ನೋಡಿ ಕಲೀರಿ ಅಂತ. ಗಂಟೆಗೆ ಒಂದು, ಗಂಟೆಗೆ ಎರಡು. ಅಷ್ಟು ಮಾಡಿದವನಿಗೇ ಹೀಗಾಯ್ತು. ಸಾಯೋದು ಹೇಗೂ ಸಾಯ್ತೀನಿ, ಮುಖಕ್ಕೆ ಸೊಂಡಿಲು ಕಟ್ಕೊಂಡು ಯಾಕೆ ಸಾಯ್ಲಿ?" ತಾನೇ ಆಡಿದ ಮಾತು ಕಿವಿಗೆ ಬಿದ್ದು ಪೆಚ್ಚಾದ. "ತಪ್ಪು ತಿಳ್ಕೋಬೇಡಿ."

ಸಿಗ್ನಲ್ಲು ಕೆಂಪಾಯಿತು. ಪಕ್ಕದಲ್ಲೊಂದು ಬಸ್ಸು ನಿಂತಿತು. ಕಿಟಕಿಗೆ ಹಣೆಯಾನಿಸಿ ನಿದ್ದೆ ಹೋದ ಒಬ್ಬಳು, ಅವಳ ತೊಡೆಯ ಮೇಲೆ ನಿದ್ದೆ ಹೋದ ಮಗು. ಹದಿನಾಲ್ಕು ತಿಂಗಳೂ ಅವಳ ಹೆದರಿಕೆ ಇದರದೇ ಆಗಿತ್ತು. ಅವನು ಬೆಳಗಿನ ಪಾಳಿಗೆ ಹೋದ ಮೇಲೆ ಹೊಲಿಯುತ್ತಾ ಕೂತವಳಿಗೆ, ರಸ್ತೆಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿದರೆ ಸೂಜಿ ನಿಲ್ಲುತ್ತಿತ್ತು. ಐವತ್ತು ಜನ. ಐವತ್ತು ಜನರ ಪ್ರಾಣ ತನ್ನ ಮೂಗಿನ ಮೇಲೆ ನಿಂತಿದೆ ಎನಿಸುತ್ತಿತ್ತು. ಸಂಜೆ ಅವನು ಚಪ್ಪಲಿ ಬಿಡುವ ಸದ್ದು ಕೇಳಿದ ಮೇಲೆ ಇನ್ನು ಸಾಕು, ನಾಳೆಯಿಂದ ನೀವೇ ಹಾಕಿಕೊಳ್ಳಿ ಎನ್ನಬೇಕೆಂದುಕೊಳ್ಳುವಳು; ಎಷ್ಟೋ ಸಲ ಅಂದೂ ಇದ್ದಳು. ಅವನು ಹೂಂ ಅನ್ನುವನು. ದೀಪ ಆರಿದ ಮೇಲೆ ಅವಳ ಕೈಯೇ ಮಾಸ್ಕಿಗೆ ಹೋಗುತ್ತಿತ್ತು. ಯಾಕೆಂದರೆ, ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಆ ಮಾಸ್ಕಿನೊಳಗೆ ಅವಳಿಗೆ ನಿದ್ದೆ ಬರುತ್ತಿತ್ತು. ಮುಖವೆಲ್ಲ ತುಂಬಿಕೊಂಡು, ಕಿವಿಯೊಳಗೇ ಬೀಸುವ ಆ ಗಾಳಿಯ ಸದ್ದಿನಲ್ಲಿ ಅವನ ಗೊರಕೆ ಮುಳುಗಿಹೋಗುತ್ತಿತ್ತು. ಗೊರಕೆ ಕೇಳದಿದ್ದರೆ ಅದು ನಿಂತದ್ದೂ ಕೇಳುವುದಿಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ ಅವಳು ಮೊದಲ ಬಾರಿಗೆ ರಾತ್ರಿಯಿಂದ ಬೆಳಗಿನವರೆಗೆ ಕಲ್ಲಿನ ಹಾಗೆ ನಿದ್ದೆ ಮಾಡಿದಳು. ಮುಖ ಲಕಲಕ ಅನ್ನುತ್ತಿದೆ ಎಂದು ಗಿರಾಕಿಗಳು ಹೇಳಿದಾಗ ಹಿಗ್ಗಿದಳು. ಪಕ್ಕದಲ್ಲೇ ಗಂಟೆಗೆ ನಲವತ್ತಾರು ಸಲ ಅವನು ಸತ್ತು ಬದುಕುತ್ತಿದ್ದ, ಅವಳ ಮೊಣಕೈ ಸುಮ್ಮನೆ ಬಿದ್ದಿತ್ತು.

ಸಿಗ್ನಲ್ಲು ಇನ್ನೂ ಬಿಟ್ಟಿರಲಿಲ್ಲ. ಮೀಸೆ ಬಗ್ಗಿ ಎಡಗಾಲಿನ ಮೀನಖಂಡವನ್ನು ಹಿಸುಕಿಕೊಂಡ. ಬಿಟ್ಟ, ಮತ್ತೆ ಹಿಸುಕಿಕೊಂಡ. ಅವಳು ಆ ಕಾಲನ್ನೇ ನೋಡಿದಳು.

"ಕಾಲಿಗೇನಾಯ್ತು?"

"ಏನಿಲ್ಲ, ಕ್ಲಚ್ಚಿನ ಕಾಲು. ಒಂದು ವಾರದಿಂದ ಹಿಡ್ಕೊಂಡಿದೆ, ಸ್ವಲ್ಪ ಊದಿದೆ ಅಷ್ಟೇ."

ಅದೇ ಮಾತು. ಕ್ಲಚ್ಚಿನ ಕಾಲು ಕಣೇ ಎಂದು ಗಂಡನೂ ಸೋಫಾದ ತುದಿಯಲ್ಲಿ ಕೂತು ಹಿಸುಕಿಕೊಳ್ಳುತ್ತಿದ್ದ. ಬಿಸಿನೀರು ಹಾಕಿ ಎಂದು ಅವಳು ಹೊಲಿಗೆಯಿಂದ ತಲೆಯೆತ್ತದೆ ಹೇಳಿದ್ದಳು. ಎಲ್ಲ ಮುಗಿದು ನಾಲ್ಕನೆಯ ದಿನಕ್ಕೆ ಕಾಗದಪತ್ರಕ್ಕೆಂದು ಹೋದಾಗ ಶ್ವಾಸಕೋಶದ ಡಾಕ್ಟರು ಅವಳನ್ನು ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ಹೇಳಿದ್ದರು: ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅದು ಕಿತ್ತುಕೊಂಡು ಮೇಲಕ್ಕೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ. ಗಂಟೆಗಟ್ಟಲೆ ಕೂತು ಗಾಡಿ ಓಡಿಸುವವರಿಗೆ ಆಗಬಹುದು. ನಿದ್ದೆಯಲ್ಲಿ ಉಸಿರು ನಿಲ್ಲುವವರಲ್ಲೂ ಇದು ಹೆಚ್ಚು ಕಾಣುತ್ತದೆ. ಪದೇಪದೇ ಪ್ರಾಣವಾಯು ಇಳಿದರೆ ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿಯಾಗುತ್ತದೆ ಅಂತಾರೆ. "ಆದ್ರೆ ನಿಮ್ಮ ಯಜಮಾನರ ವಿಷಯದಲ್ಲಿ ಉಸಿರು ನಿಲ್ಲೋದನ್ನ ಕಾರಣ ಅನ್ನೋಕೆ ಬರಲ್ಲಮ್ಮ. ಅವರಷ್ಟು ಚೆನ್ನಾಗಿ ಮಷೀನ್ ಬಳಸಿದವರನ್ನ ನಾನು ನೋಡಿಲ್ಲ. ನೀವು ಅಷ್ಟು ಜೋಪಾನ ಮಾಡಿದೀರಿ. ಮನಸ್ಸಿಗೆ ಹಚ್ಕೋಬೇಡಿ." ಅವಳು ಕೈ ಮುಗಿದು ಎದ್ದು ಬಂದಿದ್ದಳು. ಮೆಟ್ಟಿಲಿಳಿಯುವಾಗ ನಾದಿನಿ ತೋಳು ಹಿಡಿದುಕೊಂಡು, ನಿನ್ನ ಹಾಗೆ ಗಂಡನ್ನ ನೋಡ್ಕೊಳ್ಳೋರು ಯಾರಿದ್ದಾರೆ ಅತ್ತಿಗೆ ಎಂದು ಅತ್ತಿದ್ದಳು. ಆ ಹೊಗಳಿಕೆಯನ್ನು ಅವಳು ಕೊಡವಿಹಾಕಲಿಲ್ಲ. ಅದು ಹಾಗೇ ಅಂಟಿಕೊಂಡಿತು.

ಮೂರನೆಯ ಮಹಡಿ. ಲಿಫ್ಟಿನ ಕನ್ನಡಿಯಲ್ಲಿ ಅವಳು ಚೀಲವನ್ನು ಮಗುವಿನ ಹಾಗೆ ಹಿಡಿದಿರುವುದು ಕಂಡು ಕೆಳಗಿಳಿಸಿದಳು. ನಿದ್ದೆ ಪರೀಕ್ಷೆಯ ಕೋಣೆಯಲ್ಲಿ ಮೇಜು, ಕಂಪ್ಯೂಟರು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಬಣ್ಣಬಣ್ಣದ ವೈರುಗಳು. ಅವನ್ನು ಜನರ ತಲೆಗೆ ಅಂಟಿಸುವ ಹೆಂಗಸಿಗೆ ಗಂಡ ವೈರ್ ಮೇಡಂ ಎಂದು ಹೆಸರಿಟ್ಟಿದ್ದ. ವೈರ್ ಮೇಡಂ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಬನ್ನಿ ಅಮ್ಮ. ತಿಂಗಳಾ ತಿಂಗಳಾ ಬಂದು ನಗಿಸಿ ಹೋಗ್ತಿದ್ರು, ನಮಗೂ ನಂಬೋಕಾಗ್ತಿಲ್ಲ." ಮಷೀನನ್ನು ಚೀಲದಿಂದ ತೆಗೆದಳು, ಪೈಪು ನೋಡಿದಳು, ಮಾಸ್ಕು ನೋಡಿದಳು. ಪಟ್ಟಿಯ ಮೇಲೆ ಅವಳ ಬೆರಳು ಒಂದು ಗಳಿಗೆ ನಿಂತಿತು. ಸಾಲು ತೂತು. ಬಳಸಿದ ಮಾಸ್ಕು ಹೇಗೂ ಬಿಸಾಡುವುದು ಎಂದು ಮೇಜಿನ ಕೆಳಗಿನ ಡಬ್ಬಿಗೆ ಹಾಕಿದಳು. ಬೆಳಿಗ್ಗೆಯಿಂದ ಪಟ್ಟ ಪಾಡೆಲ್ಲ ಡಬ್ಬಿಗೆ ಹೋಯಿತು.

ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ವೈರ್ ಮೇಡಂ ಇನ್ನೊಂದು ಕಾಗದವನ್ನು ಮೀಸೆಯ ಮುಂದಿಟ್ಟಳು. "ನೀವು ಬೇಡ ಅಂತ ಫೋನಲ್ಲಿ ಹೇಳಿದ್ರಂತೆ. ಹಾಗಿದ್ರೆ ಇಲ್ಲಿ ಸಹಿ ಮಾಡಿ. ಆದ್ರೆ ಒಂದ್ಸಲ ಯೋಚನೆ ಮಾಡಿ ಸರ್."

"ಯೋಚನೆ ಮಾಡಿಯೇ ಬಂದಿದೀನಿ. ಇವರನ್ನೇ ಕೇಳಿ ಬೇಕಾದ್ರೆ. ಇವರ ಮನೆಯವರಿಗೆ ಏನು ಉಪಯೋಗ ಆಯ್ತು ಅಂತ." ಮೀಸೆ ಜೇಬು ತಡಕಿ ಪೆನ್ನು ತೆಗೆದ. ಕನ್ನಡಕ ಹುಡುಕಿದ. ಕನ್ನಡಕ ಹಾಕಿಕೊಳ್ಳಲು ಕಾಗದ ಕೆಳಗಿಟ್ಟು, ಅದೇ ಕೈಯಲ್ಲಿ ಕಾಲು ಹಿಸುಕಿಕೊಂಡ. ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಮುಂದಿನ ವಾರ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಗಂಡನ ಫೋಟೋ ಹಾಕುತ್ತಾರೆ, ಕೆಳಗೆ ನಿಯಮ ತಪ್ಪದ ಚಾಲಕ ಎಂದು ಬರೆಸಿದ್ದಾರೆ. ಆ ಅಕ್ಷರಗಳನ್ನು ಮೀಸೆಯೇ ಫೋನಿನಲ್ಲಿ ತೋರಿಸಿದ್ದ. ಬಾಯಿ ಬಿಟ್ಟರೆ ಫೋಟೋ ಹೋಗುತ್ತದೆ. ಸತ್ತವನು ಕಳ್ಳನಾಗುತ್ತಾನೆ, ಅದೂ ಹೆಂಡತಿಯ ಬಾಯಿಂದ. ಅವನಿಗೆ ಇನ್ನು ಉಳಿದಿರುವುದಾದರೂ ಏನು, ಹೆಸರೊಂದೇ. ಅವಳಿಗೆ ಉಳಿದಿರುವುದೂ ಅದೇ.

"ನೋಡಿ ಸರ್, ಸುಮ್ನೆ ನೋಡಿ," ವೈರ್ ಮೇಡಂ ಪರದೆಯನ್ನು ಮೀಸೆಯ ಕಡೆ ತಿರುಗಿಸಿದಳು. "ಕೊನೆಯ ರಾತ್ರಿ. ಇಡೀ ರಾತ್ರಿ ಒಂದೇ ಒಂದು ಸಲಾನೂ ಉಸಿರು ನಿಂತಿಲ್ಲ. ಎಷ್ಟು ಸಮವಾಗಿದೆ ನೋಡಿ, ಮಗು ಮಲಗಿದ ಹಾಗೆ." ಪರದೆಯ ಮೇಲೆ ಸಣ್ಣ ಸಣ್ಣ ಅಲೆಗಳು ಒಂದರ ಹಿಂದೆ ಒಂದು ಸಾಗುತ್ತಿದ್ದವು. ಅವಳು ತನ್ನ ನಿದ್ದೆಯನ್ನು ಮೊದಲ ಸಲ ನೋಡಿದಳು. ಹನ್ನೆರಡು ಗಂಟೆ, ಎರಡು, ನಾಲ್ಕು. ಎಷ್ಟು ನಾಚಿಕೆಯಿಲ್ಲದ ನೆಮ್ಮದಿ. ಆಮೇಲೆ ಒಮ್ಮೆಗೇ ಅಲೆ ತುಂಡಾಗಿ, ಗೆರೆಗಳು ಅಡ್ಡಾದಿಡ್ಡಿ ಎದ್ದವು. ವೈರ್ ಮೇಡಂ ಹುಬ್ಬು ಗಂಟಿಕ್ಕಿದಳು. "ಇಲ್ಲೇನೋ ಮಾಸ್ಕು ಸರಿಯಾಗಿ ಕೂತಿಲ್ಲ. ಗಾಳಿ ಸೋರಿದೆ. ಐದು ಐವತ್ತೆರಡರಿಂದ... ಒಂಬತ್ತು ನಿಮಿಷ." ಆ ಒಂಬತ್ತು ನಿಮಿಷದ ನಂತರ ಗೆರೆ ನೇರವಾಗಿ ಹೋಗಿತ್ತು. ಮಷೀನನ್ನು ಯಾರೋ ಆರಿಸುವವರೆಗೆ ಹಾಗೇ ಹೋಗಿತ್ತು.

ಆ ಬೆಳಿಗ್ಗೆ ಭುಜವನ್ನು ಯಾರೋ ಹಿಡಿದ ಹಾಗಾಗಿ ಅವಳಿಗೆ ಎಚ್ಚರವಾಗಿತ್ತು. ಕಿಟಕಿಯಲ್ಲಿ ಬೆಳಕು ಬಂದಿತ್ತು. ಗಂಡ ಮಂಚದ ತುದಿಯಲ್ಲಿ ಕೂತು ಒಂದು ಕೈಯಲ್ಲಿ ಅವಳ ಭುಜ ಹಿಡಿದಿದ್ದ, ಇನ್ನೊಂದು ಕೈಯಲ್ಲಿ ಹಾಸಿಗೆ. ತುಟಿ ನೀಲಿ. ಉಸಿರು ಸಿಗ್ತಿಲ್ಲ ಕಣೇ ಅಂದ. ಕೊಡು ಅಂದ, ಅವಳ ಮುಖದ ಕಡೆ ಕೈ ಮಾಡಿ. ಹದಿನಾಲ್ಕು ತಿಂಗಳಲ್ಲಿ ಅವನಾಗಿ ಅದನ್ನು ಕೇಳಿದ್ದು ಅದೊಂದೇ ಸಲ. ಅವಳು ಕಿತ್ತು ಅವನ ಮುಖಕ್ಕೆ ಇಟ್ಟಳು, ಪಟ್ಟಿಯನ್ನು ತಲೆಯ ಹಿಂದಕ್ಕೆ ಎಳೆದಳು. ಬರಲಿಲ್ಲ. ಆ ದೊಡ್ಡ ತಲೆಗೆ ಅದು ಬರಲಿಲ್ಲ. ಎಳೆದಳು, ಹಲ್ಲು ಕಚ್ಚಿ ಎಳೆದಳು, ಅವಳ ಹೊಲಿಗೆ ಒಂದು ಎಳೆಯೂ ಬಿಡಲಿಲ್ಲ. ಒಂದು ಕೈಯಲ್ಲಿ ಮಾಸ್ಕನ್ನು ಮುಖಕ್ಕೆ ಒತ್ತಿಹಿಡಿದು ಇನ್ನೊಂದರಲ್ಲಿ ಫೋನು ಮಾಡಿದಳು. ಕೆನ್ನೆಯ ಪಕ್ಕದಿಂದ ಗಾಳಿ ಸುಯ್ಯನೆ ಸೋರಿ ಅವಳ ಕೈಗೇ ತಾಗುತ್ತಿತ್ತು. ಆಂಬುಲೆನ್ಸಿನವರು ಬಂದು ಬಿಡಿಸುವವರೆಗೂ ಅವಳು ಹಾಗೇ ಹಿಡಿದಿದ್ದಳು.

"ಅದೊಂದೇ ಅವರದು," ಅಂದಳು.

ವೈರ್ ಮೇಡಂ ತಿರುಗಿ ನೋಡಿದಳು. ಮೀಸೆಯ ಪೆನ್ನು ಕಾಗದದ ಮೇಲೆ ನಿಂತಿತು.

"ಆ ಒಂಬತ್ತು ನಿಮಿಷ ಇದೆಯಲ್ಲ, ಅದೊಂದೇ ಅವರ ಉಸಿರು. ಅದಕ್ಕೆ ಮುಂಚಿನದೆಲ್ಲ ನಂದು. ಆ ರಾತ್ರಿದು, ಹಿಂದಿನ ತಿಂಗಳದು, ಎಲ್ಲಾ ನಂದೇ. ಅವರಿಗೆ ಆಗ್ತಿರಲಿಲ್ಲ. ನಾನು ಹಾಕ್ಕೊಂಡು ಮಲಗ್ತಿದ್ದೆ." ನಿಲ್ಲಿಸಿದರೆ ಮತ್ತೆ ಬಾಯಿ ತೆರೆಯಲಾರೆ ಎಂದು ಗೊತ್ತಿತ್ತು. ಮೀಸೆಯ ಕಡೆ ತಿರುಗಿದಳು. "ಅವರು ಹಾಕ್ಕೊಂಡೂ ಹೋದರು ಅಂತ ನೀವು ಸಹಿ ಮಾಡಬೇಡಿ. ಅವರು ಹಾಕ್ಕೊಳ್ಳಲೇ ಇಲ್ಲ. ಹಾಕ್ಕೊಂಡಿದ್ರೆ ಉಳೀತಿದ್ರಾ, ನನಗೆ ಗೊತ್ತಿಲ್ಲ. ಅದು ಯಾವತ್ತಿಗೂ ಗೊತ್ತಾಗಲ್ಲ. ಮೊದಲು ಆ ಕಾಲನ್ನ ಡಾಕ್ಟರಿಗೆ ತೋರಿಸಿ. ಇವತ್ತೇ, ಈಗಲೇ. ಅವರ ಕಾಲೂ ಹೀಗೇ ಊದಿತ್ತು, ನಾನು ಬಿಸಿನೀರು ಹಾಕಿ ಅಂದೆ."

ಬೈಯುತ್ತಾರೆ ಎಂದುಕೊಂಡಿದ್ದಳು, ಬೈದಿದ್ದರೆ ಸುಲಭವಾಗುತ್ತಿತ್ತು. ವೈರ್ ಮೇಡಂ ಫೋನೆತ್ತಿ ಕೆಳಗಿನ ಡಾಕ್ಟರಿಗೆ ಮೀಸೆಯ ಕಾಲಿನ ವಿಷಯ ಹೇಳಿದಳು, ಹತ್ತು ನಿಮಿಷ ಕಾಯಬೇಕಂತೆ ಎಂದಳು. ಫೋನಿಟ್ಟ ಮೇಲೆ ತನ್ನ ಚೀಟಿಗಳನ್ನೆಲ್ಲ, ತಿಂಗಳಾ ತಿಂಗಳಾ ತಾನೇ ಮುದ್ರೆಯೊತ್ತಿ ಕಳಿಸಿದ್ದನ್ನೆಲ್ಲ ನೆನೆದುಕೊಂಡವಳ ಹಾಗೆ ಪರದೆಯನ್ನೇ ನೋಡಿದಳು. ಮೀಸೆ ಕನ್ನಡಕ ತೆಗೆದು ಒರೆಸಿದ. "ಬೋಳಿಮಗ," ಅಂದ, ಮೆಲ್ಲಗೆ, ಪ್ರೀತಿಯಿಂದಲೋ ಸಿಟ್ಟಿನಿಂದಲೋ. "ನನಗೊಂದು ಮಾತು ಹೇಳಲಿಲ್ಲ." ಆಮೇಲೆ ಕಾಗದವನ್ನು ಮೇಡಂ ಕಡೆ ದೂಡಿ, "ತೋರಿಸಿ, ಹೇಗೆ ಹಾಕ್ಕೊಳ್ಳೋದು ಅದನ್ನ," ಅಂದ.

ಹೊಸ ಮಾಸ್ಕಿನ ಪೊಟ್ಟಣ ಒಡೆದಳು ಮೇಡಂ. ಹಾಕಲು ಹೋದರೆ ಪಟ್ಟಿ ಮೀಸೆಯ ಕುತ್ತಿಗೆಯ ಹಿಂದೆ ತಿರುಚಿಕೊಂಡಿತು. "ಕೊಡಿ," ಎಂದು ಅವಳು ಎದ್ದಳು. ತಲೆಯ ಸುತ್ತಳತೆ ಕಣ್ಣಲ್ಲೇ ತಿಳಿಯಿತು. ಪಟ್ಟಿಯನ್ನು ಪೂರ್ತಿ ಸಡಿಲಬಿಟ್ಟು, ಕಿವಿಯ ಮೇಲಿಂದ ತಂದು, ಒಂದು ಬೆರಳು ತೂರುವಷ್ಟು ಜಾಗ ಉಳಿಸಿ ಅಂಟಿಸಿದಳು.

"ಬಿಗಿ ಆಯ್ತಾ?"

ಮೀಸೆ ಮಾಸ್ಕಿನೊಳಗಿಂದ ಏನೋ ಅಂದ, ಕೇಳಲಿಲ್ಲ. ಇನ್ನಷ್ಟು ಸಡಿಲಿಸಿದಳು. ಮೇಡಂ ಮಷೀನಿನ ಗುಂಡಿ ಒತ್ತಿದಳು. ಅದೇ ಮಷೀನು. ಮೀಸೆ ಕಣ್ಣು ಮುಚ್ಚಿ ಕುರ್ಚಿಗೊರಗಿದ. ಅವಳು ಆ ಅಬ್ಬರಕ್ಕೆ ಕಾದಳು, ರಾತ್ರಿಯೆಲ್ಲ ಅವಳ ಕಿವಿ ತುಂಬುತ್ತಿದ್ದ, ಪಕ್ಕದವನ ಗೊರಕೆಯನ್ನು ಮುಳುಗಿಸುತ್ತಿದ್ದ ಆ ಗಾಳಿಗೆ. ಬರಲಿಲ್ಲ. ಹೊರಗೆ ನಿಂತು ಕೇಳಿದರೆ ಅದರ ಸದ್ದು ಇಷ್ಟೇ ಇಷ್ಟು. ಗೋಡೆಯ ಗಡಿಯಾರ ಕೇಳುತ್ತಿತ್ತು, ಮೀಸೆ ಎಳೆದುಕೊಂಡು ಬಿಡುವ ಒಂದೊಂದು ಉಸಿರೂ ಕೇಳುತ್ತಿತ್ತು. ಹಾಗಾದರೆ ಗಂಡನಿಗೆ ಕೇಳುತ್ತಿತ್ತು. ಉಸಿರು ಕಟ್ಟಿ ಎಚ್ಚರವಾದಾಗಲೆಲ್ಲ ಆ ಕತ್ತಲಲ್ಲಿ, ಪಕ್ಕದಲ್ಲಿ, ಅವಳು ಅವನ ಹೆಸರಿನಲ್ಲಿ ನೆಮ್ಮದಿಯಾಗಿ ಉಸಿರಾಡುವುದನ್ನು ಅವನು ಕೇಳಿಸಿಕೊಳ್ಳುತ್ತಿದ್ದ, ಎಬ್ಬಿಸುತ್ತಿರಲಿಲ್ಲ.